ಬೆಲ್ಲದ ಅಮ್ಮಾಳು

ಗಡಿಯ ಊರು ಬಾವಲಿಯಲ್ಲಿ ಬೆಳಗಾಗುವುದೆಂದರೆ ಗೇಟು ತೆರೆಯುವುದು. ಕಾಡಿನ ನಡುವೆ ಮೈಸೂರಿನ ಕಡೆಗೆ ಹೋಗುವ ರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚಿದರೆ ಮರುದಿನ ಬೆಳಿಗ್ಗೆ ಆರಕ್ಕೇ ತೆರೆಯುತ್ತಾರೆ. ಆನೆಗಳೂ ಕಾಟಿಗಳೂ ಇರುಳಿನಲ್ಲಿ ತಮ್ಮ ಪಾಡಿಗೆ ತಾವು ರಸ್ತೆ ದಾಟಿಕೊಳ್ಳಲಿ ಎಂದು ಮಾಡಿದ ಏರ್ಪಾಡು ಅದು. ಆದ್ದರಿಂದ ಐದು ಗಂಟೆಗೆಲ್ಲ ಮಾನಂದವಾಡಿಯ ಕಡೆಯಿಂದ ಬಂದ ವಾಹನಗಳು ಗೇಟಿನ ಈಚೆ ಸಾಲುಗಟ್ಟುತ್ತವೆ. ತರಕಾರಿ ತರಲು ಹೋಗುವ ಪಿಕಪ್ಪುಗಳು, ಗಡಿಯಾಚೆ ಕೋಟೆಯ ಸೀಮೆಯಲ್ಲಿ ಶುಂಠಿ ಹಾಕಿದ ಬೆಳೆಗಾರರ ಜೀಪುಗಳು, ಮೈಸೂರಿನ ಆಸ್ಪತ್ರೆಗೆಂದು ಹೊರಟವರ ಕಾರುಗಳು. ಮಂಜು ಒದ್ದೆ ಬಟ್ಟೆಯಂತೆ ಮೈಗೆ ಅಂಟಿಕೊಂಡಿರುತ್ತದೆ. ಇಂಜಿನ್ ಆರಿಸಿ ಇಳಿದವರಿಗೆ ಬೇರೆ ಕೆಲಸವೇನಿದೆ? ಎಲ್ಲರಿಗೂ ಒಂದೊಂದು ಗ್ಲಾಸು ಚಹಾ ಬೇಕು, ಎಲ್ಲರಿಗೂ ಒಂದೇ ಹೊತ್ತಿಗೆ ಬೇಕು. ಅದು ಕೈಗೆ ಬರುವ ತನಕ ಅವರ ಕಣ್ಣೆಲ್ಲ ಚಹಾ ಮಾಡುವವರ ಕೈಮೇಲೆ.

ಪರೀಕ್ಷೆಯ ಕೋಣೆಯಲ್ಲಿ ಬರೆಯುವವರು ನಲವತ್ತು ಮಂದಿ, ಮೇಲ್ವಿಚಾರಕರು ಒಬ್ಬರು. ಗೇಟಿನ ಪಕ್ಕದ ಬಾಲನ್ ಚಹಾದಂಗಡಿಯಲ್ಲಿ ಇದು ತಿರುವುಮುರುವು. ಅಲ್ಲಿ ಮೇಲ್ವಿಚಾರಕರು ನಲವತ್ತು ಮಂದಿ, ಪರೀಕ್ಷೆ ಬರೆಯುವವಳು ಒಬ್ಬಳು. ಅವಳೇ ಅಮ್ಮಾಳು.

ಅವಳಿಗೆ ಈಗ ಐವತ್ತು ದಾಟಿದೆ. ಕುಳ್ಳಗಿನ ಗಟ್ಟಿ ಮೈ, ಹಣೆಗೆ ಅಂಟಿದ ಗುಂಗುರು ಕೂದಲು, ಮೊಣಕೈವರೆಗೆ ಮಡಿಸಿದ ಗಂಡನ ಹಳೆಯ ಅಂಗಿ. ಆ ಚಳಿಯಲ್ಲಿ ಬಾವಲಿಯ ಸಕಲರೂ ಮಫ್ಲರು ಸುತ್ತಿ ಕಿವಿ ಮುಚ್ಚಿಕೊಂಡಿರುವಾಗ ಅವಳೊಬ್ಬಳು ಕಿವಿ ಬಿಟ್ಟುಕೊಂಡು ನಿಂತಿರುತ್ತಾಳೆ. ಯಾಕೆಂದು ಕೇಳಿದರೆ, "ಕಿವಿ ಮುಚ್ಚಿದ್ರೆ ಚಾಯ ಹಾಳಾಗ್ತದೆ" ಎಂದು ನಗುತ್ತಾಳೆ. ಬಂದವರು ಅವಳನ್ನು ಬೆಲ್ಲದ ಅಮ್ಮಾಳು ಎಂದು ಕರೆಯುತ್ತಾರೆ. ಹಾಗೆ ಕರೆದರೆ ಈಗ ತಲೆಯೆತ್ತಿ ಓಗೊಡುತ್ತಾಳೆ. ಒಂದು ಕಾಲದಲ್ಲಿ ಅದೇ ಹೆಸರು ಕೇಳಿದರೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸುತ್ತಿತ್ತು.

ಆ ಹೆಸರು ಬಂದದ್ದು ಶಾಲೆಯಲ್ಲಿ. ಅಮ್ಮಾಳು ಕಾಟುನಾಯ್ಕರ ಮಗಳು. ಗಡಿಯ ಆಚೆ ಜೇನುಕುರುಬರೆಂದು ಕರೆಸಿಕೊಳ್ಳುವವರಿಗೆ ಇವರು ನಂಟರು. ಹಾಡಿಯಲ್ಲಿ ಆಡುವ ಮಾತು ಕನ್ನಡಕ್ಕೆ ಹತ್ತಿರ, ಶಾಲೆಯಲ್ಲಿ ಕಲಿಸುವುದು ಮಲಯಾಳ. ಒಂದನೆಯ ತರಗತಿಗೆ ಸೇರಿ ಎರಡು ತಿಂಗಳಾಗಿತ್ತು. ಮರುದಿನ ಸ್ವಾತಂತ್ರ್ಯ ದಿನ. ಪಾಯಸಕ್ಕೆಂದು ಬೆಲ್ಲದ ಅಚ್ಚುಗಳನ್ನು ತಂದು ಅಡುಗೆಮನೆಯಲ್ಲಿ ಇಟ್ಟಿದ್ದರು. ಮೇಷ್ಟ್ರಿಗೆ ಬಾಯಾರಿಕೆಯಾಯಿತು. ಮುಂದಿನ ಸಾಲಿನಲ್ಲಿದ್ದ ಹುಡುಗಿಯನ್ನು ನೋಡಿ, "ಅಮ್ಮಾಳೂ, ಕೊರಚ್ಚು ವೆಳ್ಳಂ ಕೊಂಡುವಾ" ಎಂದರು. ಸ್ವಲ್ಪ ನೀರು ತಾ ಎಂದು ಅದರರ್ಥ. ಹಾಡಿಯ ಕೂಸಿಗೆ ನೀರೆಂದರೆ ನೀರು. ವೆಳ್ಳವೆಂದದ್ದು ಅವಳ ಕಿವಿಗೆ ಬೆಲ್ಲವೆಂದು ಬಿತ್ತು. ಆ ಸೀಮೆಯ ಮಲಯಾಳದಲ್ಲಿಯೂ ಬೆಲ್ಲಕ್ಕೆ ವೆಲ್ಲವೆಂದೇ ಹೆಸರು. ನಾಲಗೆಯನ್ನು ಮೇಲಕ್ಕೆ ಮಡಚಿ ಳಕಾರ ಹೇಳಿದರೆ ನೀರು, ಮಡಚದೆ ಲಕಾರ ಹೇಳಿದರೆ ಬೆಲ್ಲ. ಅವಳು ಓಡಿಹೋಗಿ ಒಂದು ಅಚ್ಚು ಬೆಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಷ್ಟ್ರ ಮೇಜಿನ ಮೇಲೆ ಇಟ್ಟಳು.

ತರಗತಿಗೆ ತರಗತಿಯೇ ನಕ್ಕಿತು. ಮೇಷ್ಟ್ರೂ ನಕ್ಕರು. ಮೇಷ್ಟ್ರು ನಗಬಾರದಾಗಿತ್ತು. ಮಕ್ಕಳು ನಕ್ಕದ್ದು ಸಂಜೆಗೆ ಮರೆತುಹೋಗುತ್ತದೆ, ಮೇಷ್ಟ್ರು ನಕ್ಕದ್ದು ಮರೆಯುವುದಿಲ್ಲ. ಅಂದಿನಿಂದ ಅವಳು ವೆಲ್ಲಂ ಅಮ್ಮಾಳು. ಎದ್ದು ನಿಂತು ಓದು ಎಂದರೆ ಅಷ್ಟೂ ಕಣ್ಣುಗಳು ತನ್ನನ್ನು ಚುಚ್ಚಿದಂತಾಗಿ ಪುಸ್ತಕ ಕೈಯಿಂದ ಬೀಳುತ್ತಿತ್ತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಳು. ಶಾಲೆ ಬಿಟ್ಟರೂ ಆ ಅಂಜಿಕೆ ಅವಳನ್ನು ಬಿಡಲಿಲ್ಲ.

ಆದ್ದರಿಂದಲೇ ಬಾಲನ್ ಅಂಗಡಿಯಲ್ಲಿ ಗ್ಲಾಸು ತೊಳೆಯುವ ಕೆಲಸ ಸಿಕ್ಕಾಗ ಅವಳಿಗೆ ಹಬ್ಬವಾಗಿತ್ತು. ಅಂಗಡಿಗೂ ಹಿಂಬದಿಗೂ ನಡುವೆ ಒಂದು ಹಲಗೆಯ ಗೋಡೆ, ಅದರಲ್ಲಿ ಗ್ಲಾಸು ದಾಟಿಸುವಷ್ಟು ಒಂದು ಕಿಂಡಿ. ಕಿಂಡಿಯಿಂದ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಲ್ಲಿ ಅವಳು ಹನ್ನೊಂದು ವರ್ಷ ಕಳೆದಳು.

ಗೋಡೆಯ ಆಚೆ ಏನು ನಡೆಯುತ್ತದೆಂದು ಅವಳು ನೋಡಿದವಳಲ್ಲ, ಕೇಳಿದವಳು. ಬಾಲನದು ಹಳೆಯ ಕಾಲದ ಹಿತ್ತಾಳೆಯ ಸಮಾವರ್. ನಡುವೆ ಕೆಂಡದ ಕೊಳವೆ, ಸುತ್ತ ನೀರು. ಅದರೊಳಗೆ ಯಾವ ಕಾಲದಲ್ಲಿಯೋ ಹಾಕಿದ ಒಂದು ತಾಮ್ರದ ನಾಣ್ಯ. ನೀರು ಕುದಿಯುತ್ತಿರುವಷ್ಟು ಹೊತ್ತು ಆ ನಾಣ್ಯ ತಳದಲ್ಲಿ ಕಿಣಿಕಿಣಿ ಎನ್ನುತ್ತದೆ, ಕುದಿ ಇಳಿದರೆ ಸುಮ್ಮನಾಗುತ್ತದೆ. ನಾಣ್ಯದ ದನಿ ಮಂದವಾದಾಗ ಎರೆದ ನೀರಿಗೆ ಚಹಾಸೊಪ್ಪಿನ ಸಾರ ಬಿಡುವುದಿಲ್ಲ. ಬಟ್ಟೆಯ ಸೋಸುಚೀಲದಿಂದ ಡಿಕಾಕ್ಷನ್ ಇಳಿಯುವಾಗ ಮೊದಲು ಝರಿಯ ಸದ್ದು, ಆಮೇಲೆ ಹನಿಯ ಸದ್ದು. ಎತ್ತರದಿಂದ ಎಳೆದು ಹೊಯ್ದ ಚಹಾ ಗ್ಲಾಸಿನ ಅರ್ಧಕ್ಕೆ ಬಂದಾಗ ಒಂದು ದನಿ, ಕಂಠಕ್ಕೆ ಬಂದಾಗ ಇನ್ನೊಂದು ದನಿ. ಹೀಗೆ ಚಹಾ ಮಾಡುವ ವಿದ್ಯೆ ಹಲಗೆಯ ಸಂದಿನಿಂದ ಅವಳ ಕಿವಿಗೆ ಇಳಿಯಿತು. ಮಧ್ಯಾಹ್ನ ಅಂಗಡಿ ಖಾಲಿಯಾದಾಗ ತನಗೊಂದು, ಬಾಲನಿಗೊಂದು ಗ್ಲಾಸು ಅವಳೇ ಎಳೆಯುತ್ತಿದ್ದಳು. ಬಾಲನ್ ಕುಡಿದು ತುಟಿ ಒರೆಸಿಕೊಂಡು, "ಎನ್ನ ಚಾಯಗಿಂತ ಇದು ಒಂದು ಕೂದಲು ಮೇಲು. ಯಾರಿಗೂ ಹೇಳ್ಬೇಡ" ಎನ್ನುತ್ತಿದ್ದ.

"ನಾನು ಯಾರಿಗೆ ಹೇಳ್ಲಿ ಬಾಲೇಟ್ಟ?" ಎಂದು ಅವಳು ಕಿಂಡಿಯ ಹಿಂದಕ್ಕೆ ಸರಿಯುತ್ತಿದ್ದಳು.

ಕೊರೊನಾ ಬಂದು ಹೋದ ಮರುವರ್ಷ ಬಾಲನ ಬಲಭುಜ ಹಿಡಿದುಕೊಂಡಿತು. ನಲವತ್ತು ವರ್ಷ ತಲೆಯ ಮೇಲಿಂದ ಚಹಾ ಎಳೆದ ತೋಳು ಎದೆಯ ಮಟ್ಟಕ್ಕೂ ಏಳದಾಯಿತು. ಮಾನಂದವಾಡಿಯ ಡಾಕ್ಟರು ಇನ್ನು ಆ ಕೆಲಸ ಕೂಡದೆಂದರು. ಬಾಲನಿಗೆ ಮಕ್ಕಳಿಲ್ಲ, ಅಕ್ಕನ ಮಗ ಸುಧೀಷ್ ಒಬ್ಬನೇ ದಿಕ್ಕು. ಸುಧೀಷ್ ಕೆಟ್ಟವನಲ್ಲ, ಅವಸರದವನು. ಬಂದವನೇ ಸಮಾವರನ್ನು ತಟ್ಟಿ ನೋಡಿ ಮಾವನಿಗೆ, "ಅಮ್ಮಾವಾ, ಇದನ್ನ ಗುಜರಿಗೆ ಹಾಕುವ. ಮೆಷಿನ್ ಇಡುವ. ಗುಂಡಿ ಒತ್ತಿದ್ರೆ ಚಾಯ, ಕಾಗದದ ಕಪ್ಪು, ತೊಳೆಯೋ ಗೋಜೇ ಇಲ್ಲ" ಎಂದ.

ಕಿಂಡಿಯ ಹಿಂದೆ ಅಮ್ಮಾಳುವಿನ ಕೈ ಗ್ಲಾಸಿನೊಳಗೇ ನಿಂತಿತು.

"ಮೆಷಿನ್ ಎಂತಕ್ಕೆ? ಅಮ್ಮಾಳು ಇದ್ದಾಳೆ" ಎಂದ ಬಾಲನ್.

"ಅಮ್ಮಾಳುವೇಚಿಯಾ?" ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಸುಧೀಷ್ ದನಿ ಇಳಿಸಿದ. "ಅವರ ಕೈಯಿಂದ ಜನ ಕುಡೀತಾರಾ ಅಮ್ಮಾವಾ?"

"ಹನ್ನೊಂದು ವರ್ಷದಿಂದ ಅವಳು ತೊಳೆದ ಗ್ಲಾಸಲ್ಲೇ ಕುಡೀತಿದ್ದಾರೆ. ಯಾರಿಗಾದರೂ ಹೊಟ್ಟೆ ನೋವು ಬಂತಾ?"

ಕೊನೆಗೆ ಒಪ್ಪಂದವಾಯಿತು. ಸೋಮವಾರದಿಂದ ಅಮ್ಮಾಳು ಮುಂದೆ ನಿಲ್ಲಬೇಕು. ಗೇಟು ತೆರೆಯುವ ಮೊದಲು ಬಂದವರಿಗೆಲ್ಲ ಚಹಾ ಸಿಕ್ಕರೆ ಸಮಾವರ್ ಉಳಿಯುತ್ತದೆ, ಅವಳೇ ಅಂಗಡಿಯ ಚಹಾಗಾರ್ತಿ. ಸಿಗದಿದ್ದರೆ ಮೆಷಿನ್. ಮೆಷಿನ್ ಬಂದರೆ ಗ್ಲಾಸಿಲ್ಲ, ಗ್ಲಾಸಿಲ್ಲದಿದ್ದರೆ ಕಿಂಡಿಯ ಹಿಂದಿನ ಜಾಗವೂ ಇಲ್ಲ. ಅಮ್ಮಾಳುವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದಳು. ಆದರೆ ಆ ರಾತ್ರಿ ಮಲಗಿದಾಗ ಅವಳ ಬಲಗೈ ತಾನಾಗಿಯೇ ಕಂಬಳಿಯ ಮೇಲೆ ಚಹಾ ಎಳೆಯುತ್ತಿತ್ತು.

ಸೋಮವಾರ ಐದೂ ಕಾಲಿಗೆ ಅವಳು ಸಮಾವರಿನ ಮುಂದೆ ನಿಂತಳು. ಮೊದಲ ನಾಲ್ಕು ಗ್ಲಾಸು ಹೇಗೋ ಸಾಗಿತು. ಆಮೇಲೆ ತಲೆಯೆತ್ತಿದಳು. ಅಷ್ಟೇ. ಬಾಗಿಲಿನಲ್ಲಿ, ಬೆಂಚಿನ ಮೇಲೆ, ರಸ್ತೆಯ ತನಕ ಮುಖಗಳು. ಎಲ್ಲ ಕಣ್ಣುಗಳೂ ಅವಳ ಕೈಯಲ್ಲಿದ್ದ ಡಬರಿಯ ಮೇಲೆ. ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಕಿವಿಯಲ್ಲಿ ಗುಂಯ್ ಎಂದಿತು. ನಾಣ್ಯದ ದನಿ ಎಲ್ಲಿ ಹೋಯಿತೋ ತಿಳಿಯದು.

"ಬೇಗ ಆಗ್ಲಿ ಚೇಚೀ, ಗೇಟು ಕಾಯೋದಿಲ್ಲ!"

"ಎನಗೊಂದು ಕಟ್ಟನ್!"

"ಇಲ್ಲಿ ಎರಡು, ಒಂದಕ್ಕೆ ಸಕ್ಕರೆ ಬೇಡ!"

ಆಗ ದಿನಾ ತರಕಾರಿಗೆ ಹೋಗುವ ಪಿಕಪ್ಪಿನ ಸಜೀವನ್ ಕೂಗಿದ: "ಚೇಚೀ, ಒರು ಚಾಯ, ವೆಳ್ಳಂ ಕೂಟ್ಟಿ!" ಹಾಲು ಕಡಿಮೆ ಮಾಡಿ ನೀರು ಹೆಚ್ಚು ಹಾಕಿ ಎಂಬುದು ಅವನ ನಿತ್ಯದ ವರಸೆ. ಹನ್ನೊಂದು ವರ್ಷ ಕಿಂಡಿಯ ಹಿಂದಿನಿಂದ ಅವಳು ಅದನ್ನು ಕೇಳಿದ್ದಾಳೆ. ಆದರೆ ಹೆದರಿದ ಕಿವಿ ತಾಯಿಯ ಮಡಿಲಿಗೇ ಓಡುತ್ತದೆ. ಹಾಡಿಯ ಆರು ವರ್ಷದ ಕೂಸಿಗೆ ಕೇಳಿಸಿದ್ದೇ ಅವಳಿಗೂ ಕೇಳಿಸಿತು. ಕೈ ನೇರವಾಗಿ ಜಾಡಿಗೆ ಹೋಯಿತು. ಕಟ್ಟನ್ ಎಂಬ ಹಾಲಿಲ್ಲದ ಚಹಾ ಕುಡಿಯುವ ಮುದುಕರಿಗೆಂದು ಇಟ್ಟಿದ್ದ ಪುಡಿಬೆಲ್ಲ. ಎರಡು ಚಮಚ ಅವನ ಗ್ಲಾಸಿಗೆ ಬಿತ್ತು. ಮೇಲೆ ಬಿಸಿ ಹಾಲು, ಅದರ ಮೇಲೆ ಚಹಾ.

ಸಜೀವನ್ ಗ್ಲಾಸನ್ನು ಬೆಳಕಿಗೆ ಹಿಡಿದ. ಹಾಲು ಒಡೆದು ಮೊಸರಿನ ಕಣಗಳಂತೆ ತೇಲುತ್ತಿತ್ತು. ಒಂದು ಗುಟುಕು ಕುಡಿದು ಕಣ್ಣರಳಿಸಿದ.

"ಅಯ್ಯಪ್ಪಾ! ಇದು ಚಾಯ ಅಲ್ಲ, ಪಾಯಸ! ಕೇಳಿದ್ದು ವೆಳ್ಳಂ, ಸಿಕ್ಕಿದ್ದು ವೆಲ್ಲಂ!"

ಅಂಗಡಿಗೆ ಅಂಗಡಿಯೇ ನಕ್ಕಿತು. ಅದರಲ್ಲಿ ವಿಷವಿರಲಿಲ್ಲ, ಬೆಳಗಿನ ಚಳಿಗೆ ಒಂದು ನಗೆ ಬೇಕಿತ್ತು ಅಷ್ಟೆ. ಆದರೆ ಅಮ್ಮಾಳು ಇದ್ದದ್ದು ಅಂಗಡಿಯಲ್ಲಲ್ಲ, ಒಂದನೆಯ ತರಗತಿಯಲ್ಲಿ. ಮುಂದೆ ಚಾಚಿಕೊಂಡಿದ್ದ ಒಂದು ಫ್ಲಾಸ್ಕಿಗೆ ಕಟ್ಟನ್ ಸುರಿದು ಮುಚ್ಚಳ ಹಾಕಿದಳು, ಸೋಸುಚೀಲವನ್ನು ಹಲಗೆಯ ಮೇಲೆ ಇಟ್ಟಳು, ಗೋಡೆಯ ಹಿಂದಕ್ಕೆ ಹೋಗಿಬಿಟ್ಟಳು. ಬಾಲನ್ ಎಡಗೈಯಲ್ಲಿ ಎಂಟು ಹತ್ತು ಗ್ಲಾಸು ಎಳೆಯುವಷ್ಟರಲ್ಲಿ ಗೇಟಿನ ಸೀಟಿ ಊದಿತು. ಅರ್ಧಕ್ಕರ್ಧ ಮಂದಿ ಚಹಾ ಇಲ್ಲದೆ ಗಾಡಿ ಹತ್ತಿದರು.

ಬೆಂಚಿನ ತುದಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದ್ದ ಸುಧೀಷ್ ಎದ್ದು ಕಿಂಡಿಯ ಬಳಿ ಬಂದ. "ಬೇಜಾರು ಮಾಡ್ಕೋಬೇಡಿ ಚೇಚೀ. ನಾಳೆ ಇನ್ನೊಂದು ದಿನ ನೋಡುವ. ಒಬ್ಬ ಬರಿಗೈಲಿ ಹೋದ್ರೂ ನಾನು ಮೆಷಿನಿನವನಿಗೆ ಫೋನು ಮಾಡ್ತೇನೆ" ಎಂದ. ಕಿಂಡಿಯಿಂದ ನೀರಿನ ಸದ್ದು ಮಾತ್ರ ಬಂತು.

ಸಂಜೆ ಗೇಟು ಮುಚ್ಚುವುದಕ್ಕೆ ಅರ್ಧ ಗಂಟೆ ಇರುವಾಗ ವಿಮಲನಾಥ ಗೌಡರ ಜೀಪು ಬಂದು ನಿಂತಿತು. ಅವರು ಜೈನರು, ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ಮನೆತನದವರು. ಸೂರ್ಯ ಹುಟ್ಟುವ ಮೊದಲು ಬಾಯಿಗೆ ಹನಿ ನೀರೂ ಹಾಕುವುದಿಲ್ಲ. ಆದ್ದರಿಂದ ಬೆಳಿಗ್ಗೆ ಫ್ಲಾಸ್ಕಿಗೆ ಚಹಾ ತುಂಬಿಸಿಕೊಂಡು ಹೋಗಿ ಕಾಡಿನ ಆಚೆ ಬಿಸಿಲು ಬಿದ್ದ ಮೇಲೆ ಕುಡಿಯುತ್ತಾರೆ. ತಮ್ಮ ಹೊಲದಲ್ಲಿ ಎಕರೆಗಟ್ಟಲೆ ಶುಂಠಿ ಬೆಳೆಯುತ್ತಾರೆ, ಚಹಾಕ್ಕೆ ಮಾತ್ರ ಒಂದು ಚೂರು ಶುಂಠಿ ಬೀಳಬಾರದು. ಅವರು ಫ್ಲಾಸ್ಕು ಹಿಡಿದು ನೇರವಾಗಿ ಕಿಂಡಿಯ ಹತ್ತಿರವೇ ಬಂದರು.

"ಅಮ್ಮಾಳು, ಬೆಳಿಗ್ಗೆ ನನಗೂ ಬೆಲ್ಲವೇ ಹಾಕಿದೆಯಲ್ಲ?"

"ತಪ್ಪಾಯ್ತು ಗೌಡ್ರೇ. ಕೈ ನನ್ನ ಮಾತು ಕೇಳ್ಲಿಲ್ಲ."

"ತಪ್ಪೆಂದು ಯಾರು ಹೇಳಿದರು? ಹಾಲಿಲ್ಲದ ಚಹಾಕ್ಕೆ ಬೆಲ್ಲವೇ ಸರಿ. ಎರಡು ಸಲ ಸುರಿದುಕೊಂಡು ಕುಡಿದೆ. ನಾಳೆಯೂ ಅದನ್ನೇ ಹಾಕು. ಆದರೆ ಬೆಲ್ಲ ಒಂದು ಚಿಟಿಕೆ ಹಿಂದೆ ಹಿಡಿ." ಅವರು ಮುಂದುವರಿಸಿದರು. "ಇನ್ನೊಂದು ಮಾತು. ನಾನು ಬೆಳಿಗ್ಗೆ ಕುಡಿಯುವವನಲ್ಲ, ಹಾಗಾಗಿ ನನಗೆ ಅವಸರವಿಲ್ಲ. ಉಳಿದವರು ಚಹಾ ನೋಡುತ್ತಿದ್ದರು, ನಾನು ನಿನ್ನನ್ನು ನೋಡುತ್ತಿದ್ದೆ. ಅವರು ನಿನ್ನ ಮುಖ ನೋಡುತ್ತಾರೆಂದು ನಿನಗೆ ಭಯ. ಹುಚ್ಚಿ, ನಿನ್ನ ಮುಖ ಯಾರಿಗೆ ಬೇಕಾಗಿದೆ? ಅವರಿಗೆ ಬೇಕಾದದ್ದು ಗ್ಲಾಸು!"

ಅವಳಿಗೆ ನಗು ಬಂತು. ಆ ದಿನದ ಮೊದಲ ನಗು.

ಮನೆಗೆ ಹೋದಾಗ ಗಂಡ ಮಾರನ್ ಒಲೆಯ ಮುಂದೆ ಗೆಣಸು ಸುಡುತ್ತಿದ್ದ. ಅವನು ಕಾಡಿನ ವಾಚರು. ಬೆಳಗಿನ ಸುದ್ದಿ ಅವನನ್ನು ಆಗಲೇ ತಲುಪಿತ್ತು. ಸುಟ್ಟ ಗೆಣಸೊಂದನ್ನು ಅವಳ ಕಡೆಗೆ ಉರುಳಿಸಿ, "ಪಾಯಸ ಮಾಡಿದೆಯಂತೆ. ಎನಗಿಲ್ವಾ?" ಎಂದ.

"ನಿಂಗೆ ಬೇರೆ ಪಣಿ ಇಲ್ವಾ? ಸುಮ್ನಿರು. ಎನಗೆ ಪೇಡಿ ಆಗ್ತದೆ, ಹೆದರಿಕೆ. ಅಷ್ಟು ಕಣ್ಣು!"

"ನಿನ್ನಪ್ಪ ಜೇನು ತೆಗೀವಾಗ ಅವನಿಗೆ ಎಷ್ಟು ಕಣ್ಣು? ಒಂದು ಮರದಲ್ಲಿ ಹತ್ತು ಸಾವಿರ ಹುಳ. ಅವೆಲ್ಲ ಅವನನ್ನೇ ನೋಡ್ತಿದ್ವು."

ಅಮ್ಮಾಳು ಗೆಣಸಿನ ಸಿಪ್ಪೆ ಸುಲಿಯುತ್ತ ಕುಳಿತಳು. ಅಪ್ಪ ರಾಮನ್ ಪೊಟರೆಯ ಜೇನು ಹುಡುಕುವುದರಲ್ಲಿ ಎತ್ತಿದ ಕೈ. ಚಿಕ್ಕವಳಿದ್ದಾಗ ಅವಳನ್ನೂ ಕರೆದೊಯ್ಯುತ್ತಿದ್ದ. ಮರಕ್ಕೆ ಕಿವಿ ಇಡಿಸುತ್ತಿದ್ದ. ಕೇಳ್ತಾ? ಎಂದರೆ, ಕೇಳ್ತು ಎನ್ನುತ್ತಿದ್ದಳು. ತುಂಬಿದ ಗೂಡಿಗೆ ಒಂದು ದನಿ, ಖಾಲಿ ಗೂಡಿಗೆ ಒಂದು ದನಿ, ಸಿಟ್ಟಾದ ಗೂಡಿಗೆ ಮತ್ತೊಂದು. ಕೊಡಲಿ ಹಾಕುವ ಮೊದಲು ಅಪ್ಪ ಹೇಳುತ್ತಿದ್ದುದು ಒಂದೇ ಮಾತು: "ಹುಳ ನೋಡ್ಲಿ. ನೋಡೋದು ಅವುಗಳ ಕೆಲಸ. ನೀನು ಕೇಳು."

ಮರುದಿನ ಅವಳು ಮಫ್ಲರನ್ನು ಮನೆಯಲ್ಲೇ ಬಿಟ್ಟು ಬಂದಳು.

ಮಂಗಳವಾರ ಮಂಜು ಇನ್ನೂ ದಟ್ಟವಾಗಿತ್ತು, ಗಾಡಿಗಳೂ ಹೆಚ್ಚು. ಒಡೆದ ಚಹಾದ ಸುದ್ದಿಯನ್ನು ಒಬ್ಬ ಹತ್ತು ಮಂದಿಗೆ ಹೇಳಿದ್ದ. ಆ ಹತ್ತು ಮಂದಿಯೂ ನೋಡಲು ಬಂದಿದ್ದರು. ಬಾಲನ್ ಗೋಡೆಯ ಹಿಂದೆ ಗ್ಲಾಸು ತೊಳೆಯಲು ಕುಳಿತ. ಸುಧೀಷ್ ಬೆಂಚಿನ ತುದಿಯಲ್ಲಿ ಮೊಬೈಲು ಹಿಡಿದು ಕುಳಿತ. ಅಮ್ಮಾಳು ಬೆನ್ನು ತಿರುಗಿಸಿ ಸಮಾವರಿನ ಮುಂದೆ ನಿಂತವಳು ಏನನ್ನೂ ಮಾಡಲಿಲ್ಲ. ಸುಮ್ಮನೆ ನಿಂತಳು.

"ಎಂತ ಚೇಚೀ, ಪ್ರಾರ್ಥನೆಯಾ?" ಯಾರೋ ಕೇಳಿದರು.

ಅವಳು ಕೈಯೆತ್ತಿ ತಾಳಿ ಎಂದಳು. ಒಂದು ಗಳಿಗೆ ಕಳೆಯಿತು. ಮೊದಲು ಎಲ್ಲೋ ದೂರದಲ್ಲಿ, ಆಮೇಲೆ ಹತ್ತಿರದಲ್ಲಿ, ಆಮೇಲೆ ಅವಳ ಹೊಟ್ಟೆಯೊಳಗೇ ಎಂಬಂತೆ, ನಾಣ್ಯ ಕಿಣಿಕಿಣಿ ಎಂದಿತು. ಅವಳು ತಿರುಗಿದಳು. "ಒಬ್ಬೊಬ್ಬರಾಗಿ ಹೇಳಿ. ಒಂದೇ ಸಲ ಹೇಳಿ. ಎರಡು ಸಲ ಹೇಳಿದ್ರೆ ಎರಡು ಚಾಯ ಕುಡೀಬೇಕು."

ಆಮೇಲೆ ಅವಳು ಮುಖಗಳನ್ನು ನೋಡಲಿಲ್ಲ. ಗ್ಲಾಸು ನೋಡಿದಳು, ಮಾತು ಕೇಳಿದಳು. ಚೀಲದಲ್ಲಿ ಝರಿ ಹರಿದು ಹನಿಯಾಗುವ ಹೊತ್ತಿಗೆ ಹಾಲು ಗ್ಲಾಸಿಗೆ ಬಿದ್ದಿರುತ್ತಿತ್ತು. ಎಡಗೈ ಕೆಳಗೆ, ಬಲಗೈ ತಲೆಯ ಮೇಲೆ. ನಡುವೆ ಕಂದು ದಾರದಂತೆ ಚಹಾ ಇಳಿದು, ಕಂಠದ ದನಿ ಬಂದೊಡನೆ ನಿಲ್ಲುತ್ತಿತ್ತು. ಒಂದು ಹನಿ ಆಚೆ ಹೋಗುತ್ತಿರಲಿಲ್ಲ. ಬೆಂಚು, ಬಾಗಿಲು, ರಸ್ತೆ ಎಂದು ಗ್ಲಾಸುಗಳು ಕೈಯಿಂದ ಕೈಗೆ ದಾಟಿದವು. ಮೊಬೈಲುಗಳು ಎದ್ದವು. ಏಳಲಿ. ನೋಡುವುದು ಅವುಗಳ ಕೆಲಸ.

ಐದೂ ಮುಕ್ಕಾಲಿಗೆ ಸಜೀವನ್ ಬಂದ. ಎರಡೂ ಕೈ ಸೊಂಟಕ್ಕೆ ಕೊಟ್ಟು, ಎಲ್ಲರಿಗೂ ಕೇಳುವಂತೆ, "ಚೇಚೀ, ಒರು ಚಾಯ, ವೆಳ್ಳಂ ಕೂಟ್ಟಿ! ಇವತ್ತು ಪಾಯಸ ಬೇಡ!" ಎಂದ.

ನಗು ಎದ್ದಿತು. ಬೆಂಚಿನ ಮೇಲೆ ಸುಧೀಷ್ ಕತ್ತು ಎತ್ತಿದ. ಗೋಡೆಯ ಹಿಂದೆ ನೀರಿನ ಸದ್ದು ನಿಂತಿತು.

ಅಮ್ಮಾಳು ಕೈಯಲ್ಲಿದ್ದ ಗ್ಲಾಸನ್ನು ತುಂಬಿಸಿ ಕೊಟ್ಟಳು. ಆಮೇಲೆ ತಲೆಯೆತ್ತಿ ಸಜೀವನನ್ನು ನೇರವಾಗಿ ನೋಡಿದಳು. "ವೆಲ್ಲವಾ, ವೆಳ್ಳವಾ? ನಾಲಗೆ ಸರಿಯಾಗಿ ಮಡಚಿ ಹೇಳು ಸಜೀವಾ. ನಿನ್ನೆ ನಿನ್ನ ನಾಲಗೆಗೆ ಚಳಿ ಹಿಡ್ದಿತ್ತು, ಎನ್ನ ಜಾಡಿ ಬೆಲ್ಲ ದಂಡ ಆಯ್ತು."

"ಹೇಳೋ ಸಜೀವಾ, ಮಡಚು ನಾಲಗೆ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಈಗ ನಗು ದಿಕ್ಕು ಬದಲಿಸಿತ್ತು.

ಸಜೀವನ್ ಕಿವಿಯವರೆಗೆ ಕೆಂಪಾದ. ಆದರೂ ಆಟಕ್ಕೆ ಆಟ ಕೊಡುವ ಗಂಡಸು. ಎದೆಯುಬ್ಬಿಸಿ, ನಾಲಗೆಯನ್ನು ಅಂಗುಳಿಗೆ ಒತ್ತಿ, "ವೆಳ್ಳ್...ಳಂ!" ಎಂದ. ಆ ಳಕಾರಕ್ಕೆ ಯಾವ ಪರೀಕ್ಷಕನಾದರೂ ನೂರಕ್ಕೆ ನೂರು ಕೊಡಲೇಬೇಕು. ಅಮ್ಮಾಳು ಗ್ಲಾಸು ಕೊಟ್ಟಳು. ಅವನು ಒಂದು ಗುಟುಕು ಕುಡಿದ, ಇನ್ನೊಂದು ಗುಟುಕು ಕುಡಿದ, ಏನೂ ಹೇಳದೆ ಗೋಡೆಗೆ ಒರಗಿ ಮುಗಿಸಿದ. ಚಹಾ ಚೆನ್ನಾಗಿಲ್ಲದಿದ್ದರೆ ಸಜೀವನ್ ಮಾತನಾಡುವವನು.

ಆರಕ್ಕೆ ಎಂಟು ನಿಮಿಷವಿರುವಾಗ ತೊಳೆದ ಗ್ಲಾಸು ಮುಗಿಯಿತು.

ಇದನ್ನು ಯಾರೂ ಎಣಿಸಿರಲಿಲ್ಲ. ಹನ್ನೊಂದು ವರ್ಷ ಗ್ಲಾಸುಗಳು ತಾವಾಗಿಯೇ ಕಿಂಡಿಯಿಂದ ಹುಟ್ಟಿ ಬರುತ್ತವೆ ಎಂದೇ ಎಲ್ಲರೂ ತಿಳಿದಿದ್ದರು. ಅವುಗಳನ್ನು ಹುಟ್ಟಿಸುತ್ತಿದ್ದವಳು ಈಗ ಮುಂದೆ ನಿಂತಿದ್ದಳು. ಹಿಂದೆ ಬಾಲನ್ ಒಂದೇ ಕೈಯಲ್ಲಿ ಒಂದೊಂದಾಗಿ ತಿಕ್ಕುತ್ತಿದ್ದ. ಹಲಗೆಯ ಮೇಲೆ ಒಂದೂ ಗ್ಲಾಸಿಲ್ಲ, ಎದುರಿಗೆ ಹದಿನಾರು ಮಂದಿ. ಗೇಟಿನ ಕಾವಲುಗಾರ ಬೀಗದ ಕೈ ಹಿಡಿದು ಆಗಲೇ ಹೊರಗೆ ಬಂದಿದ್ದ. ಚಹಾ ಸಿದ್ಧವಿದೆ, ಕೊಡುವುದು ಯಾವುದರಲ್ಲಿ? ಅಮ್ಮಾಳು ಕಿಂಡಿಯ ಕಡೆಗೆ ನೋಡಿದಳು. ತಾನೇ ಹಿಂದಕ್ಕೆ ಹೋದರೆ ಕುದಿ ಇಳಿಯುತ್ತದೆ, ಹೋಗದಿದ್ದರೆ ಗ್ಲಾಸಿಲ್ಲ.

ಬೆಂಚಿನ ತುದಿಯಿಂದ ಸುಧೀಷ್ ಎದ್ದ. ಅವನ ಕೈಯಲ್ಲಿ ಮೊಬೈಲಿತ್ತು. ಅವನು ಫೋನು ಮಾಡಲು ಹೊರಗೆ ಹೋಗುತ್ತಾನೆಂದು ಅವಳು ತಿಳಿದಳು. ಅವನು ಮೊಬೈಲನ್ನು ಜೇಬಿಗೆ ಹಾಕಿದ. ಒಗೆದು ಇಸ್ತ್ರಿ ಮಾಡಿದ ಅಂಗಿಯ ತೋಳುಗಳನ್ನು ಮೇಲೆ ಮಡಿಸಿದ. ತಲೆ ಬಗ್ಗಿಸಿ ಹಲಗೆಯ ಗೋಡೆಯ ಹಿಂದಕ್ಕೆ ಹೋದ. "ಸರಿಯಿರಿ ಅಮ್ಮಾವಾ" ಎಂದದ್ದು ಕೇಳಿಸಿತು. ಮರುಗಳಿಗೆ ದಡಬಡ ನೀರು, ಗ್ಲಾಸಿಗೆ ಗ್ಲಾಸು ತಾಗುವ ಸದ್ದು. ಕಿಂಡಿಯಿಂದ ನಾಲ್ಕು ಗ್ಲಾಸು ಬಂದವು, ಮತ್ತೆ ನಾಲ್ಕು ಬಂದವು.

ಅಮ್ಮಾಳು ಒಂದನ್ನು ಕೈಗೆತ್ತಿಕೊಂಡು ಉಗುರಿನಿಂದ ಮೆಲ್ಲಗೆ ತಟ್ಟಿದಳು. ತಿರುಗಿ ನೋಡದೆಯೇ ಅದನ್ನು ಕಿಂಡಿಯೊಳಗೆ ವಾಪಸು ಇಟ್ಟಳು.

"ಮೋನೇ, ಮಗಾ, ಇದರ ಸೋಪು ಹೋಗಿಲ್ಲ. ಇನ್ನೊಂದು ಸಲ."

"ನೋಡದೆ ಹೇಗೆ ಗೊತ್ತಾಯ್ತು ಚೇಚೀ?"

"ದನಿ ಮೊಂಡು ಉಂಟು. ಬೇಗ ಬೇಗ!"

ಸೀಟಿ ಊದುವ ಹೊತ್ತಿಗೆ ಕೊನೆಯವನ ಕೈಯ ಗ್ಲಾಸು ಖಾಲಿಯಾಗಿತ್ತು. ಬರಿಗೈಯಲ್ಲಿ ಹೋದವನು ಒಬ್ಬನೂ ಇರಲಿಲ್ಲ. ವಿಮಲನಾಥ ಗೌಡರು ಬೆಲ್ಲದ ಕಟ್ಟನ್ ತುಂಬಿದ ಫ್ಲಾಸ್ಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದೂ ಏನಾದರೂ ಹೇಳುತ್ತದೆಯೇ ನೋಡುತ್ತೇನೆ" ಎಂದು ಜೀಪು ಹತ್ತಿದರು. ಸಜೀವನ್ ಪಿಕಪ್ಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಾಳೆ ಕಾಣುವ, ಬೆಲ್ಲದ ಅಮ್ಮಾಳುವೇಚೀ!" ಎಂದು ಕೂಗಿದ. ಸುಮಾರು ನಲವತ್ತು ವರ್ಷಗಳ ಮೇಲೆ ಆ ಹೆಸರು ಅವಳ ಕಿವಿಗೆ ಬಿದ್ದಿತ್ತು. ಅವಳು ಕಾದಳು, ಹಳೆಯ ಚುಚ್ಚು ಎದೆಗೆ ಬರುತ್ತದೆಯೇ ಎಂದು. ಬರಲಿಲ್ಲ. ಸೋಸುಚೀಲವನ್ನೇ ಎತ್ತಿ ಅವನಿಗೆ ಬೀಸಿದಳು.

ಗಾಡಿಗಳೆಲ್ಲ ಹೋಗಿ ಅಂಗಡಿ ಖಾಲಿಯಾದ ಮೇಲೆ ಸುಧೀಷ್ ಹೊರಗೆ ಬಂದ. ಅಂಗಿ ತೊಯ್ದು ತೊಪ್ಪೆಯಾಗಿತ್ತು, ಬೆರಳುಗಳು ಚಳಿಗೆ ಮುದುಡಿದ್ದವು. ಅಮ್ಮಾಳು ಒಂದು ಗ್ಲಾಸು ಎಳೆದು ಅವನ ಮುಂದೆ ಇಟ್ಟಳು. ಅವನು ಎರಡೂ ಅಂಗೈಯಲ್ಲಿ ಅದನ್ನು ಅವಚಿ ಹಿಡಿದು ಕುಡಿದ. ಬಾಲನ್ ಕಿಂಡಿಯಿಂದ ಮುಖವಿಟ್ಟು ನೋಡುತ್ತಿದ್ದ.

"ಹೇಗಿದೆ?"

"ಅಮ್ಮಾವಾ, ನಿಮ್ಮದಕ್ಕಿಂತ..." ಎಂದು ಸುಧೀಷ್ ನಾಲಗೆ ಕಚ್ಚಿಕೊಂಡ.

"ಒಂದು ಕೂದಲು ಮೇಲು" ಎಂದ ಬಾಲನ್. "ಇನ್ನು ಎಲ್ಲರಿಗೂ ಹೇಳು."

ಮೆಷಿನ್ ಬರಲಿಲ್ಲ. ಹಲಗೆಯ ಗೋಡೆಯನ್ನು ಆ ವಾರವೇ ಸುಧೀಷ್ ಕಿತ್ತು ಹಾಕಿಸಿದ. ತೊಳೆಯುವ ತೊಟ್ಟಿ ಈಗ ಎಲ್ಲರ ಕಣ್ಣೆದುರಿಗೇ ಇದೆ. ಗೇಟಿನ ಹೊತ್ತಿಗೆ ದಿನಾ ಅಲ್ಲಿ ನಿಂತು ಗ್ಲಾಸು ತೊಳೆಯುವವನು ಅವನೇ. ಆ ಮುಕ್ಕಾಲು ಗಂಟೆ ಬಾಲನ್ ಬೆಂಚಿನ ಮೇಲೆ ಕುಳಿತು, ಬಂದವರೊಂದಿಗೆ ಸೇರಿ ಅಮ್ಮಾಳುವಿನ ಕೈ ನೋಡುತ್ತಾನೆ. ಅವಳು ಮಾತ್ರ ಯಾರ ಕಡೆಗೂ ನೋಡುವುದಿಲ್ಲ. ಬೆನ್ನು ತಿರುಗಿಸಿ, ಬಿಟ್ಟ ಕಿವಿಯಲ್ಲಿ ಮಂಜು ಹನಿಗೂಡುತ್ತಿದ್ದರೂ ಅಲುಗದೆ, ನಾಣ್ಯಕ್ಕೆ ಕಾಯುತ್ತಾಳೆ. ನಲವತ್ತು ಮಂದಿಯೂ ಅವಳೊಂದಿಗೆ ಉಸಿರು ಹಿಡಿದು ಕಾಯುತ್ತಾರೆ. ಅದು ಕಿಣಿಕಿಣಿ ಎಂದೊಡನೆ ಅವಳು ತಿರುಗಿ ಹೇಳುತ್ತಾಳೆ:

"ಹ್ಞೂಂ, ಹೇಳಿ. ನಾಲಗೆ ಮಡಚಿ ಹೇಳಿ."